ನಮ್ಮ ಮಿದುಳಿಗೆ ನಮ್ಮದೇ ನಕ್ಷೆ

ಮನುಷ್ಯನ ಮಿದುಳಿನಲ್ಲಿ ಯಾವ ಭಾಗ ಎಲ್ಲಿದೆ ಎಂದು ಗುರುತಿಸಲು ವಿಜ್ಞಾನಿಗಳು ಬಹುಕಾಲ ನೆಚ್ಚಿಕೊಂಡಿದ್ದ ನಕ್ಷೆ ಒಬ್ಬಳೇ ಒಬ್ಬ ಹೆಂಗಸಿನದು. ಅರವತ್ತು ವರ್ಷದ ಫ್ರೆಂಚ್ ಮಹಿಳೆಯೊಬ್ಬಳು ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಅಳೆದು ತಲೈರಾಕ್ ಮತ್ತು ಟೂರ್ನೂ ಎಂಬ ಇಬ್ಬರು 1988ರಲ್ಲಿ ಅದನ್ನು ಅಟ್ಲಾಸ್ ಆಗಿ ಪ್ರಕಟಿಸಿದರು. ಮುಂದೆ ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ನೂರಾರು ಜನರ ಎಂಆರ್‌ಐ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ಸರಾಸರಿ ನಕ್ಷೆಯೊಂದನ್ನು ಕೊಟ್ಟಿತು. ಅವರೂ ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ. ರಾಯಚೂರಿನ ರೈತನ ತಲೆಯ ಸ್ಕ್ಯಾನನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಹೋಲಿಸಿ ನೋಡಲು ಇದ್ದದ್ದು ಇಂಥ ಅಳತೆಗೋಲು.

ಇದು ನಮಗೆ ಹೊಂದುತ್ತದೆಯೇ ಎಂದು ಕೂತು ಅಳೆದು ನೋಡಿದವರು ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಐಐಐಟಿಯ ಪ್ರೊ. ಜಯಂತಿ ಶಿವಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವೈದ್ಯರು ಜೊತೆಗೂಡಿದರು. ಮೊದಲು ಐವತ್ತು ಜನರ ಸ್ಕ್ಯಾನ್. ಯಂತ್ರದಿಂದ ಯಂತ್ರಕ್ಕೆ ಚಿತ್ರ ಬದಲಾಗುತ್ತದಲ್ಲ, ಆ ದೋಷ ನುಸುಳದಿರಲೆಂದು ಮೂರು ಆಸ್ಪತ್ರೆಗಳಲ್ಲಿ, ಮೂರು ಬೇರೆ ಕಂಪನಿಗಳ ಸ್ಕ್ಯಾನರ್‌ಗಳಲ್ಲಿ ಚಿತ್ರ ತೆಗೆಸಿದರು. ಆಮೇಲೆ ಸಂಖ್ಯೆ ನೂರಕ್ಕೆ ಏರಿತು. 2019ರಲ್ಲಿ ಹೊರಬಂದ ಆ ನಕ್ಷೆಯ ಹೆಸರು ಐಬಿಎ 100, ಅಂದರೆ ಭಾರತೀಯ ಮಿದುಳಿನ ಅಟ್ಲಾಸ್. ಸರಾಸರಿ ಭಾರತೀಯ ಮಿದುಳು ಎತ್ತರ, ಅಗಲ, ಗಾತ್ರ ಮೂರರಲ್ಲೂ ಪಾಶ್ಚಾತ್ಯರ ಮತ್ತು ಚೀನಾ, ಕೊರಿಯಾದವರ ಮಿದುಳಿಗಿಂತ ಚಿಕ್ಕದೆಂದು ಅದು ತೋರಿಸಿತು. ಗಾತ್ರಕ್ಕೂ ಬುದ್ಧಿಗೂ ಇಲ್ಲಿ ಗಂಟು ಹಾಕಬೇಕಿಲ್ಲ. ಕಾಯಿಲೆಯ ವಿಷಯದಲ್ಲಿ ಮಾತ್ರ ಇದು ದೊಡ್ಡ ಸಂಗತಿ. ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳು ಕುಗ್ಗುತ್ತ ಹೋಗುತ್ತದೆ. ಮಾಂಟ್ರಿಯಲ್ ನಕ್ಷೆಯ ಪಕ್ಕ ಇಟ್ಟರೆ ನಮ್ಮ ಆರೋಗ್ಯವಂತ ಅಜ್ಜಿಯ ಮಿದುಳೂ ಕುಗ್ಗಿದಂತೆ ಕಂಡೀತು.

ವೈದ್ಯಕೀಯದಲ್ಲಿ ಕೃತಕ ಬುದ್ಧಿಮತ್ತೆ ಎಂದೊಡನೆ ನಮ್ಮಲ್ಲಿ ರೋಬೋಟ್ ಡಾಕ್ಟರ ಚಿತ್ರ ಹಾಕುವ ರೂಢಿಯಿದೆ. ಹೈದರಾಬಾದಿನ ಈ ಸಂಸ್ಥೆ ಮಾಡುತ್ತಿರುವ ಕೆಲಸ ಅದಕ್ಕಿಂತ ಬಹಳ ಹಿಂದಿನ ಹಂತದ್ದು. ಯಂತ್ರಕ್ಕೆ ಪಾಠ ಹೇಳಲು ಬೇಕಾದ ಪುಸ್ತಕವನ್ನೇ ಅದು ನಮ್ಮ ಜನರ ದೇಹದಿಂದ ಬರೆಯುತ್ತಿದೆ. ಈ ಕ್ಷೇತ್ರದಲ್ಲಿ ಸದ್ಯಕ್ಕೆ ಇದಕ್ಕಿಂತ ಮುಖ್ಯವಾದ ಕೆಲಸ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ.

ಐಐಐಟಿ ಹುಟ್ಟಿದ್ದು 1998ರಲ್ಲಿ, ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ. ಕೃತಕ ಬುದ್ಧಿಮತ್ತೆಯ ಕೆಲಸಕ್ಕಾಗಿ 1994ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡ ರಾಜ್ ರೆಡ್ಡಿ ಅದರ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದವರು. ಮೊದಲ ನಿರ್ದೇಶಕ ರಾಜೀವ್ ಸಂಗಲ್ ಭಾಷಾ ತಂತ್ರಜ್ಞಾನದವರು. ಕನ್ನಡ, ತೆಲುಗಿನಂಥ ಭಾಷೆಗಳಿಂದ ಹಿಂದಿಗೆ ದಾಟಿಸುವ ‘ಅನುಸಾರಕ’ ಎಂಬ ತಂತ್ರಾಂಶ ಕಟ್ಟಿದವರಲ್ಲಿ ಒಬ್ಬರು. ನಮ್ಮ ನೆಲದ ಸಾಮಗ್ರಿಯಿಂದಲೇ ಯಂತ್ರಕ್ಕೆ ಕಲಿಸಬೇಕೆಂಬ ಹಟ ಈ ಸಂಸ್ಥೆಗೆ ಮೊದಲಿನಿಂದಲೂ ಇದೆ. ಭಾಷೆಯಲ್ಲಿ ಮಾಡಿದ್ದನ್ನೇ ಅವರು ಚಿತ್ರಗಳಲ್ಲೂ ಮಾಡಿದರು. ಚಿತ್ರಗಳನ್ನು ಓದುವ ಯಂತ್ರಗಳ ಕುರಿತ ಸಂಶೋಧನೆಗೆಂದೇ ಅಲ್ಲಿ ಸಿವಿಐಟಿ ಎಂಬ ಕೇಂದ್ರವಿದೆ. ಜಯಂತಿಯವರು ಕಣ್ಣಿನ ರೋಗಗಳ ಮೇಲೆ ಮಾಡಿದ ಕೆಲಸವೂ ಅಲ್ಲಿಂದಲೇ ಬಂದದ್ದು.

ಆ ಕೆಲಸದ ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಗ್ಲಾಕೋಮಾ ಸದ್ದಿಲ್ಲದೆ ದೃಷ್ಟಿ ಕದಿಯುವ ರೋಗ. ಹೋದ ದೃಷ್ಟಿ ಮರಳುವುದಿಲ್ಲ. ಕಣ್ಣಿನ ಹಿಂಬದಿಯಲ್ಲಿ ನರ ಹೊರಡುವ ಜಾಗ ಒಂದು ತಟ್ಟೆಯಂತಿದ್ದು, ಅದರ ನಡುವೆ ಬಟ್ಟಲಿನಂಥ ತಗ್ಗು ಇರುತ್ತದೆ. ರೋಗ ಬೆಳೆದಂತೆ ಬಟ್ಟಲು ಹಿಗ್ಗುತ್ತದೆ. ಹಾಗಾಗಿ ಬಟ್ಟಲಿಗೂ ತಟ್ಟೆಗೂ ಇರುವ ಪ್ರಮಾಣವನ್ನು ಯಂತ್ರ ಅಳೆಯಬೇಕು. ಅದನ್ನು ಕಲಿಸಲು ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯಿಂದ 101 ಚಿತ್ರ ತಂದು ‘ದೃಷ್ಟಿ-ಜಿಎಸ್’ ಎಂಬ ಸಂಗ್ರಹ ಮಾಡಿದರು. ಪ್ರತಿ ಚಿತ್ರದ ಮೇಲೂ ಬಟ್ಟಲಿನ ಅಂಚು ಎಳೆಯಬೇಕಿತ್ತು. ಎಳೆದವರು ನಾಲ್ವರು ತಜ್ಞರು. ಅವರ ಅನುಭವ ಕ್ರಮವಾಗಿ 3, 5, 9 ಮತ್ತು 20 ವರ್ಷ. ಅಂಚು ಮಸುಕಾದ ಕಡೆ ನಾಲ್ಕು ಗೆರೆಗಳೂ ಒಂದರ ಮೇಲೊಂದು ಕೂರಲಿಲ್ಲ. ಇಪ್ಪತ್ತು ವರ್ಷದವರ ಗೆರೆಯೇ ಸರಿ ಎಂದು ಉಳಿದದ್ದನ್ನು ಅಳಿಸಿಬಿಡಬಹುದಿತ್ತು. ಅವರು ನಾಲ್ಕನ್ನೂ ಉಳಿಸಿಕೊಂಡು, ಎಲ್ಲಿ ಎಷ್ಟು ಜನ ಒಪ್ಪಿದ್ದಾರೆ ಎಂಬುದನ್ನೂ ದಾಖಲಿಸಿ ಜಗತ್ತಿನ ಸಂಶೋಧಕರಿಗೆ ಬಿಟ್ಟುಕೊಟ್ಟರು. ಡಾಕ್ಟರುಗಳ ನಡುವೆ ಎಲ್ಲಿ ಭಿನ್ನಾಭಿಪ್ರಾಯ ಇರುತ್ತದೆ ಎಂದು ತಿಳಿಯದ ಯಂತ್ರ ಆಸ್ಪತ್ರೆಯಲ್ಲಿ ಅಪಾಯಕಾರಿ.

ಐಐಐಟಿ ಈಗ ಕೈಗೆತ್ತಿಕೊಂಡಿರುವುದು ಇನ್ನೂ ಕಠಿಣವಾದದ್ದು. ಪಂಜಗುಟ್ಟದ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್, ಎಲ್ಲರ ಬಾಯಲ್ಲಿ ನಿಮ್ಸ್, ಕಲಬುರಗಿ, ಬೀದರ್ ಕಡೆಯವರಿಗೆ ಹೊಸ ಹೆಸರೇನಲ್ಲ. ಊರಿನ ಡಾಕ್ಟರು ‘ದೊಡ್ಡ ದವಾಖಾನೆಗೆ ಒಯ್ಯಿರಿ’ ಎಂದಾಗ ನಮ್ಮ ಆ ಭಾಗದ ಎಷ್ಟೋ ಜನರಿಗೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದು. ಇದೇ ನಿಮ್ಸ್‌ನ ಪೆಥಾಲಜಿ ವಿಭಾಗದ ಜೊತೆ ಸೇರಿ ಐಐಐಟಿಯ ಐಹಬ್-ಡೇಟಾ ಕೇಂದ್ರ ‘ಇಂಡಿಯಾ ಪೆಥಾಲಜಿ ಡೇಟಾಸೆಟ್’ ಕಟ್ಟುತ್ತಿದೆ. ಹಣ ಬರುವುದು ಕೇಂದ್ರ ಸರ್ಕಾರದ ಸೈಬರ್-ಫಿಸಿಕಲ್ ಸಿಸ್ಟಮ್ಸ್ ರಾಷ್ಟ್ರೀಯ ಮಿಷನ್‌ನಿಂದ. ಇಂಟೆಲ್, ತೆಲಂಗಾಣ ಸರ್ಕಾರ ಮತ್ತು ಪಬ್ಲಿಕ್ ಹೆಲ್ತ್ ಫೌಂಡೇಶನ್ ಜೊತೆ ಸೇರಿ 2020ರ ಅಕ್ಟೋಬರಿನಲ್ಲಿ ಐಐಐಟಿಯಲ್ಲಿ ಶುರುವಾದ ‘ಐಎನ್‌ಎಐ’ ಕೇಂದ್ರಕ್ಕೂ ಆರೋಗ್ಯವೇ ಒಂದು ಮುಖ್ಯ ವಿಷಯ.

ಮಿದುಳಿನ ಗಡ್ಡೆಯಿಂದ ತೆಗೆದ ಚೂರು ಮೊದಲು ಫಾರ್ಮಲಿನ್‌ನಲ್ಲಿ ನೆನೆಯುತ್ತದೆ, ಆಮೇಲೆ ಮೇಣದ ಅಚ್ಚಿನಲ್ಲಿ ಗಟ್ಟಿಯಾಗುತ್ತದೆ. ಮೈಕ್ರೋಟೋಮ್ ಎಂಬ ಕತ್ತಿ ಅದನ್ನು ಸುಮಾರು ನಾಲ್ಕು ಮೈಕ್ರಾನ್ ದಪ್ಪದ ಪದರವಾಗಿ ಕೊಯ್ಯುತ್ತದೆ, ಅಂದರೆ ಒಂದು ಮಿಲಿಮೀಟರನ್ನು ಇನ್ನೂರೈವತ್ತು ಭಾಗ ಮಾಡಿದರೆ ಅದರಲ್ಲೊಂದು. ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಬಣ್ಣ ಎರಡು: ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿ-ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ಓದುವುದು ಈ ಎರಡು ಬಣ್ಣಗಳ ವಿನ್ಯಾಸವನ್ನು. ಗ್ಲಿಯೋಮಾ ಎಂಬ ಗಡ್ಡೆಯಲ್ಲಿ ಹಲವು ಬಗೆಗಳಿವೆ. ಆಲಿಗೋಡೆಂಡ್ರೋಗ್ಲಿಯೋಮಾ ಆದರೆ ರೋಗಿಗೆ ಹಲವು ವರ್ಷಗಳ ಭರವಸೆ ಕೊಡಬಹುದು. ಗ್ಲಿಯೋಬ್ಲಾಸ್ಟೋಮಾ ಆದರೆ ಬಹಳ ಸಲ ಎರಡು ವರ್ಷ ದಾಟುವುದೂ ಕಷ್ಟ. ಚಿಕಿತ್ಸೆಯ ದಾರಿ ಬಗೆಯನ್ನು ನೋಡಿಯೇ ನಿರ್ಧಾರವಾಗುತ್ತದೆ. ಈಗ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಕಣ್ಣಿಗೆ ಕಂಡದ್ದಷ್ಟೇ ಸಾಲದು, ಐಡಿಎಚ್ ಮುಂತಾದ ಜೀನ್‌ಗಳ ಬದಲಾವಣೆಯನ್ನೂ ಪರೀಕ್ಷಿಸಬೇಕು. ಅಂಥ ಪರೀಕ್ಷೆಗಳು ದುಬಾರಿ, ಜಿಲ್ಲಾ ಆಸ್ಪತ್ರೆಗಳ ಕೈಗೆಟುಕುವುದಿಲ್ಲ. ಎರಡು ಬಣ್ಣದ ಸಾಮಾನ್ಯ ಸ್ಲೈಡ್ ನೋಡಿಯೇ ಯಂತ್ರ ಒಳಗಿನ ಜೀನಿನ ಸುಳಿವು ಹೇಳಬಲ್ಲದೇ ಎಂಬುದು ಈ ಯೋಜನೆ ಕೇಳುತ್ತಿರುವ ಪ್ರಶ್ನೆ.

ನಿಮ್ಸ್‌ನ ಡಾ. ಮೇಘಾ ಉಪ್ಪಿನ್, ಐಐಐಟಿಯ ಪಿ.ಕೆ. ವಿನೋದ್, ಸಿ.ವಿ. ಜವಾಹರ್ ಮತ್ತು ಸಂಗಡಿಗರು 367 ರೋಗಿಗಳ 547 ಸ್ಲೈಡ್‌ಗಳನ್ನು ಸ್ಕ್ಯಾನ್ ಮಾಡಿ ‘ಐಪಿಡಿ-ಬ್ರೇನ್’ ಎಂಬ ಸಂಗ್ರಹವಾಗಿ 2024ರಲ್ಲಿ ಪ್ರಕಟಿಸಿದರು. ಏಷ್ಯಾದಲ್ಲೇ ಈ ಬಗೆಯ ದೊಡ್ಡ ಸಂಗ್ರಹಗಳಲ್ಲಿ ಅದೂ ಒಂದು. ಒಂದೊಂದು ಸ್ಲೈಡಿನ ಚಿತ್ರವೂ ಯಂತ್ರ ಒಂದೇ ಸಲಕ್ಕೆ ನುಂಗಲಾರದಷ್ಟು ದೊಡ್ಡದು. ಅದನ್ನು ಸಾವಿರಾರು ಚೌಕಗಳಾಗಿ ಕತ್ತರಿಸಿ, ಯಾವ ಚೌಕದಲ್ಲಿ ಏನಿದೆ ಎಂದು ಹೇಳದೆ, ಇಡೀ ಸ್ಲೈಡಿನ ಅಂತಿಮ ರೋಗನಿರ್ಣಯವನ್ನಷ್ಟೇ ಯಂತ್ರಕ್ಕೆ ತಿಳಿಸುತ್ತಾರೆ. ಯಾವ ಚೌಕಕ್ಕೆ ಎಷ್ಟು ತೂಕ ಕೊಡಬೇಕೆಂದು ಅದು ತಾನೇ ಕಲಿಯಬೇಕು.

ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನಲ್ಲಿ ಸ್ಲೈಡ್‌ಗಳು ರಾಶಿ ಬಿದ್ದಿರುವಾಗ ನಾವು ಮತ್ತೆ ಯಾಕೆ ಮಾಡಬೇಕು ಎಂದು ಕೇಳುವವರಿದ್ದಾರೆ. ಆಲಿಗೋಡೆಂಡ್ರೋಗ್ಲಿಯೋಮಾದ ಕೋಶವನ್ನೇ ನೋಡಿ. ದುಂಡನೆಯ ಕೇಂದ್ರ, ಸುತ್ತ ಬಿಳಿಯ ಖಾಲಿ ಜಾಗ. ಪೆಥಾಲಜಿ ಪುಸ್ತಕಗಳು ಇದನ್ನು ಹುರಿದ ಮೊಟ್ಟೆ ಎಂದೇ ಕರೆಯುತ್ತವೆ, ವಿದ್ಯಾರ್ಥಿಗಳು ಮೊದಲು ಕಲಿಯುವ ಗುರುತೇ ಅದು. ಆದರೆ ಆ ಬಿಳಿ ಜಾಗ ರೋಗದ ಲಕ್ಷಣವಲ್ಲ! ಚೂರನ್ನು ಫಾರ್ಮಲಿನ್ ಮತ್ತು ಮೇಣದಲ್ಲಿ ಹದ ಮಾಡುವಾಗ ಹುಟ್ಟಿಕೊಳ್ಳುವಂಥದ್ದು; ಶಸ್ತ್ರಚಿಕಿತ್ಸೆಯ ನಡುವೆ ಗಡ್ಡೆಯನ್ನು ಹಿಮಗಟ್ಟಿಸಿ ಕೊಯ್ದ ಸ್ಲೈಡಿನಲ್ಲಿ ಅದು ಕಾಣುವುದಿಲ್ಲ. ಅಂದಮೇಲೆ ಪ್ರಯೋಗಾಲಯದ ಪದ್ಧತಿ, ಫಾರ್ಮಲಿನ್‌ನಲ್ಲಿ ಕಳೆದ ಗಂಟೆಗಳು, ಬಣ್ಣದ ಗಾಢತೆ, ಎಲ್ಲವೂ ಚಿತ್ರದಲ್ಲಿ ಸೇರಿರುತ್ತವೆ. ಬಾಸ್ಟನ್ನಿನ ಸ್ಲೈಡಿನಲ್ಲಿ ಪಳಗಿದ ಯಂತ್ರ ಪಂಜಗುಟ್ಟದ ಗುಲಾಬಿ ಬಣ್ಣದ ಮುಂದೆ ತಡವರಿಸುವುದು ಸಹಜ.

ಗೂಗಲ್‌ನಂಥ ದೈತ್ಯ ಕಂಪನಿಗೂ ಈ ಪಾಠ ಕಲಿಯಬೇಕಾಗಿ ಬಂತು. ಮಧುಮೇಹಿಗಳ ರೆಟಿನಾ ಓದುವ ಅದರ ಯಂತ್ರ 2016ರಲ್ಲಿ ಜಗತ್ತಿನ ಗಮನ ಸೆಳೆಯಿತು. ಕಲಿಕೆಗೆ ಬಳಸಿದ್ದು 1,28,175 ಚಿತ್ರಗಳು. ಚಿತ್ರ ಕೊಟ್ಟ ಮೂರು ಭಾರತೀಯ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಅದೇ ಯಂತ್ರವನ್ನು ಥಾಯ್ಲೆಂಡಿನ ಹನ್ನೊಂದು ಚಿಕಿತ್ಸಾಲಯಗಳಿಗೆ ಒಯ್ದಾಗ ಐದರಲ್ಲಿ ಒಂದು ಚಿತ್ರವನ್ನು ಅದು ಓದಲಾರೆನೆಂದು ತಳ್ಳಿಹಾಕಿತು. ಕೋಣೆಯ ಬೆಳಕು ಸರಿಯಿರಲಿಲ್ಲ ಎಂಬುದು ಒಂದು ಕಾರಣ. ನರ್ಸ್‌ಗಳು ರೋಗಿಗಳನ್ನು ಇನ್ನೊಂದು ದಿನ ಬೇರೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ ಎಂದು ಕಳಿಸಬೇಕಾಯಿತು. ದಿನಗೂಲಿ ಬಿಟ್ಟು ಬಂದವರ ಪಾಲಿಗೆ ಅದು ಸಣ್ಣ ತೊಂದರೆಯಲ್ಲ.

ಹೈದರಾಬಾದಿಗೆ ಈ ಕೆಲಸ ಒಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ದಾಖಲೆ ಇಡುವ ಶಿಸ್ತು ಅಲ್ಲಿನ ಕೆಲವು ಆಸ್ಪತ್ರೆಗಳಲ್ಲಿ ಮೊದಲೇ ಬೇರೂರಿತ್ತು. ಗುಲ್ಲಪಲ್ಲಿ ನಾಗೇಶ್ವರ ರಾವ್ 1987ರಲ್ಲಿ ಕಟ್ಟಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ತನ್ನ ರೋಗಿಗಳ ದಾಖಲೆಯನ್ನು ‘ಐಸ್ಮಾರ್ಟ್’ ಎಂಬ ಸ್ವಂತ ವ್ಯವಸ್ಥೆಯಲ್ಲಿ ಕಾಪಾಡಿಕೊಂಡು ಬಂದಿದೆ. 2016ರಲ್ಲಿ ಮೈಕ್ರೋಸಾಫ್ಟ್ ಕಣ್ಣಿನ ಆರೈಕೆಗಾಗಿ ಜಾಲ ಕಟ್ಟಲು ಹೊರಟಾಗ ಕೈಜೋಡಿಸಿದ್ದು ಈ ಸಂಸ್ಥೆಯ ಜೊತೆಗೇ.

ಇಷ್ಟೆಲ್ಲ ಸಾಮಗ್ರಿ ಬಂದದ್ದು ರೋಗಿಗಳ ಮೈಯಿಂದ ಎಂಬುದನ್ನು ಮರೆಯುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಮ್ಮತಿ, ಗೋಪ್ಯತೆ, ಹೊಣೆಗಾರಿಕೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಅಳಿಸಿದರೆ ಮಾತ್ರ ಸಾಕೆಂದು ನನಗೆ ಅನ್ನಿಸುವುದಿಲ್ಲ. ತನ್ನ ಗಡ್ಡೆಯ ಚೂರು ಮುಂದೆ ಯಾರಿಗೋ ಉಪಯೋಗವಾಗುತ್ತದೆ ಎಂಬುದನ್ನು ಔರಾದಿನಿಂದ ಬಂದ ರೋಗಿಗೆ ಅವಳ ಕನ್ನಡದಲ್ಲಿ ಕೂತು ಹೇಳುವವರು ಬೇಕು. ಹಾಗೆಯೇ, ರೋಗಿಗಳ ಸಾಲು ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ಗೆರೆ ಎಳೆಯುವ, ಹಣೆಪಟ್ಟಿ ಹಚ್ಚುವ ವೈದ್ಯರ ಗಂಟೆಗಳಿಗೆ ಬಡ್ತಿಯಲ್ಲಿ, ಸಂಬಳದಲ್ಲಿ ಲೆಕ್ಕ ಸಿಗಬೇಕು. ಯಂತ್ರದ ವಿದ್ಯೆಯೆಲ್ಲ ಅವರ ಕಣ್ಣಿನಿಂದ ಬಂದದ್ದು.

ಮಿದುಳಿನ ನಂತರ ಐಪಿಡಿ-ಬ್ರೇನ್ ಕಟ್ಟಿದ ತಂಡ ಮೂತ್ರಪಿಂಡದ ಲೂಪಸ್ ನೆಫ್ರೈಟಿಸ್‌ನ ಸ್ಲೈಡ್‌ಗಳತ್ತ ಹೊರಳಿದೆ. ಕಲಬುರಗಿಯ ಜಿಮ್ಸ್, ರಾಯಚೂರಿನ ರಿಮ್ಸ್, ಬೀದರಿನ ಬ್ರಿಮ್ಸ್ ಮೂರರಲ್ಲೂ ಪೆಥಾಲಜಿ ವಿಭಾಗಗಳಿವೆ, ಮೇಣದ ಅಚ್ಚುಗಳಿವೆ, ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಸಂವಿಧಾನದ 371(ಜೆ) ವಿಧಿಯ ಬೆನ್ನಿಗೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ಹಣವೂ ಇದೆ. ಮೂರು ಕಾಲೇಜಿಗೆ ಸೇರಿ ಒಂದು ಸ್ಲೈಡ್ ಸ್ಕ್ಯಾನರ್, ವಾರದಲ್ಲಿ ಕೆಲವು ಗಂಟೆ ಇದಕ್ಕೇ ಮೀಸಲಾದ ಒಬ್ಬ ಪೆಥಾಲಜಿಸ್ಟ್, ಗಚ್ಚಿಬೌಲಿಯ ಜೊತೆ ಒಂದು ಒಪ್ಪಂದ: ಇಷ್ಟಾದರೆ ನಮ್ಮ ಕಡೆಯ ಸ್ಲೈಡ್‌ಗಳೂ ಆ ಸಂಗ್ರಹಕ್ಕೆ ಸೇರಲು ಶುರುವಾಗುತ್ತವೆ.