ಮಗು ಉಗ್ಗಿದರೆ ಗಾಬರಿ ಬೇಡ

ಮಗು ಮಾತು ಕಲಿಯುವ ಕಾಲವೆಂದರೆ ಮನೆಮಂದಿಗೆಲ್ಲ ಹಬ್ಬ. ಆದರೆ ಚೆನ್ನಾಗಿ ಮಾತಾಡಿಕೊಂಡಿದ್ದ ಮೂರು ವರ್ಷದ ಮಗು ಒಂದು ದಿನ ಇದ್ದಕ್ಕಿದ್ದಂತೆ "ನಂಗೆ ದೋ... ದೋ... ದೋಸೆ ಬೇಕು" ಎಂದು ತಡವರಿಸಿದರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. ವಾರ ಕಳೆದರೂ ಹೋಗಲಿಲ್ಲವೆಂದರೆ ಮನೆಯಲ್ಲಿ ಚರ್ಚೆ ಶುರು. "ಯಾರನ್ನೋ ನೋಡಿ ಕಲಿತಿದ್ದಾನೆ" ಅನ್ನುತ್ತಾರೆ ಒಬ್ಬರು. "ಏನೋ ಕಂಡು ಹೆದರಿದೆ, ತಾಯತ ಕಟ್ಟಿಸಿ" ಅನ್ನುತ್ತಾರೆ ಇನ್ನೊಬ್ಬರು. "ನೀನು ಸದಾ ಗದರಿಸ್ತಿರ್ತೀಯಲ್ಲ, ಅದಕ್ಕೇ ಹಿಂಗಾಗಿದೆ" ಎಂದು ಕೊನೆಗೆ ತಪ್ಪು ಬಂದು ಕೂರುವುದು ತಾಯಿಯ ತಲೆಯ ಮೇಲೇ!

ಸೋದರಿಯರೇ, ಮೊದಲು ಆ ತಪ್ಪನ್ನು ಇಳಿಸಿಬಿಡಿ. ಉಗ್ಗು ತಾಯಿಯ ಗದರಿಕೆಯಿಂದ ಬರುವುದಲ್ಲ, ಬೇರೆಯವರನ್ನು ನೋಡಿ ಅಂಟುವುದೂ ಅಲ್ಲ. ಆದರೆ ಬಂದ ಮೇಲೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದರ ಮೇಲೆ ಮಗುವಿನ ಧೈರ್ಯ ನಿಂತಿದೆ.

ಉಗ್ಗು ಎಂದರೇನು?

ಕೆಲವು ಮಕ್ಕಳು ಮೊದಲ ಅಕ್ಷರವನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಕೆಲವರು "ಸ್‌ಸ್‌ಸ್‌ಸಕ್ಕರೆ" ಎಂದು ಎಳೆಯುತ್ತಾರೆ. ಇನ್ನು ಕೆಲವರಿಗೆ ಬಾಯಿ ತೆರೆದಿದ್ದರೂ ದನಿಯೇ ಹೊರಡುವುದಿಲ್ಲ. ಏನು ಹೇಳಬೇಕೆಂದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ, ಹೇಳಲು ಮಾತ್ರ ಆಗುವುದಿಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಮಾತಾಡುವಾಗ ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲವೂ ತಾಳ ತಪ್ಪದೆ ಕೆಲಸ ಮಾಡಬೇಕು. ಆ ತಾಳ ಹಿಡಿಯುವುದು ಮಿದುಳು. ಉಗ್ಗುವವರಲ್ಲಿ ಈ ಕೆಲಸ ನಡೆಯುವ ರೀತಿ ಸ್ವಲ್ಪ ಬೇರೆ ಎಂದು ತಜ್ಞರು ಕಂಡುಕೊಂಡಿದ್ದಾರೆ. ವಂಶದಲ್ಲಿ ಯಾರಿಗಾದರೂ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಹೆದರಿಕೆ, ಆಯಾಸ, ಅವಸರ ಇವು ಉಗ್ಗನ್ನು ಹೆಚ್ಚಿಸಬಹುದು, ಹುಟ್ಟಿಸುವುದಿಲ್ಲ.

ಸಾಮಾನ್ಯವಾಗಿ ಇದು ಶುರುವಾಗುವುದು 2ರಿಂದ 5 ವರ್ಷದೊಳಗೆ. 100 ಮಕ್ಕಳಲ್ಲಿ ಕಡಿಮೆಯೆಂದರೂ 5 ಮಕ್ಕಳು ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತಾರೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಳಿಯುತ್ತದೆ, ಅದರಲ್ಲೂ ಗಂಡಸರೇ ಹೆಚ್ಚು.

ಇದರ ಇನ್ನೊಂದು ವಿಚಿತ್ರವೆಂದರೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಹಾಡುವಾಗ, ಎಲ್ಲರೊಡನೆ ಕೂಡಿ ಶ್ಲೋಕ ಹೇಳುವಾಗ, ಬೆಕ್ಕಿನ ಮರಿ ಜೊತೆ ಮಾತಾಡುವಾಗ ಮಗು ಉಗ್ಗುವುದೇ ಇಲ್ಲ. "ಹಾಡೋಕೆ ಬರತ್ತೆ, ಮಾತಾಡೋಕೆ ಬರಲ್ವಾ? ಎಲ್ಲಾ ನಾಟಕ" ಎಂದು ದೊಡ್ಡವರು ಗದರುವುದುಂಟು. ನಾಟಕವಲ್ಲ, ಉಗ್ಗಿನ ಸ್ವಭಾವವೇ ಹಾಗೆ.

ಮನೆಮದ್ದಿನ ಮಾತು

ಬಜೆ ತೇದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದರಿಂದ ಉಗ್ಗು ಹೋಗುವುದಿಲ್ಲ. ನಾಲಿಗೆಯ ಕೆಳಗಿನ ನಾರು ಕತ್ತರಿಸಿದರೂ ಹೋಗುವುದಿಲ್ಲ. ಬಾಯಲ್ಲಿ ಗೋಲಿ, ಕಲ್ಲು ಇಟ್ಟು ಮಾತಾಡಿಸುವುದಂತೂ ಅಪಾಯ, ಗಂಟಲಿಗೆ ಸಿಕ್ಕೀತು. "ಹದಿನೈದು ದಿನದಲ್ಲಿ ಗ್ಯಾರಂಟಿ ಗುಣ" ಎನ್ನುವ ಜಾಹೀರಾತಿಗೆ ಹಣ ಸುರಿಯಬೇಡಿ.

ಮನೆಯಲ್ಲಿ ಏನು ಮಾಡಬಹುದು?

"ನಿಧಾನವಾಗಿ ಹೇಳು", "ಉಸಿರು ಎಳ್ಕೊಂಡು ಹೇಳು" ಎಂದು ನಾವು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಮಗುವಿಗೆ ಕೇಳಿಸುವುದು ಮಾತ್ರ "ನಿನ್ನ ಮಾತು ಸರಿಯಿಲ್ಲ" ಎಂದು. ಅದರ ಬದಲು ನಾವೇ ನಿಧಾನವಾಗಿ, ನಡುನಡುವೆ ನಿಲ್ಲಿಸಿ ಮಾತಾಡೋಣ.

ಮಗು ತಡವರಿಸುವಾಗ ಮಾತನ್ನು ನೀವು ಪೂರ್ತಿ ಮಾಡಬೇಡಿ. ಮುಖ ನೋಡುತ್ತಾ ಕಾಯಿರಿ. ಹೇಗೆ ಹೇಳಿತು ಎನ್ನುವುದನ್ನು ಬಿಟ್ಟು, ಏನು ಹೇಳಿತೋ ಅದಕ್ಕೆ ಉತ್ತರ ಕೊಡಿ.

ಒಂದರ ಮೇಲೊಂದು ಪ್ರಶ್ನೆ ಕೇಳಬೇಡಿ. ಮನೆಗೆ ನೆಂಟರು ಬಂದಾಗ "ಮಾಮಂಗೆ ಪದ್ಯ ಹೇಳಿ ತೋರ್ಸು" ಎಂದು ಒತ್ತಾಯ ಬೇಡ. ಅಣ್ಣ ಅಕ್ಕಂದಿರು ಅಣಕಿಸಿದರೆ ಅಲ್ಲೇ ತಡೆಯಿರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎನ್ನುವ ನಿಯಮ ಮನೆಗೆಲ್ಲ ಇರಲಿ, ಯಜಮಾನರಿಗೂ ಸೇರಿ!

ದಿನಕ್ಕೆ 10 ನಿಮಿಷ ಆ ಮಗುವಿಗೇ ಮೀಸಲಿಡಿ. ಇದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಾಗ ಟಿ.ವಿ., ಮೊಬೈಲ್ ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಹೇಳಿದ್ದನ್ನು ಕೇಳಿದರೆ ಸಾಕು.

ಮಗುವೇ "ಅಮ್ಮಾ, ನಂಗ್ಯಾಕೆ ಹಿಂಗಾಗತ್ತೆ?" ಎಂದು ಕೇಳಿದರೆ ಮಾತು ಮರೆಸಬೇಡಿ. "ಕೆಲವರಿಗೆ ಮಾತು ಸ್ವಲ್ಪ ತಡೆಯುತ್ತೆ ಕಂದಾ, ನಿನ್ನ ತಪ್ಪೇನಿಲ್ಲ. ನೀನು ಹೇಳು, ನಾನು ಕೇಳ್ತೀನಿ" ಅಂದರೆ ಅದಕ್ಕೆ ಎಷ್ಟೋ ಸಮಾಧಾನ.

ಶಾಲೆಯಲ್ಲಿ

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಹಾಜರಿ ಕೂಗಿದಾಗ "ಯೆಸ್ ಮಿಸ್" ಅನ್ನುವುದೇ ಯಮಯಾತನೆಯಾಗಿತ್ತು. ದನಿ ಹೊರಡುವುದರೊಳಗೆ ಮುಂದಿನ ಹೆಸರು ಬಂದುಬಿಡುತ್ತಿತ್ತು. ಇದ್ದವಳಿಗೇ ಗೈರುಹಾಜರಿ! ಬೆಳಗಾದರೆ ಹೊಟ್ಟೆನೋವು ಎನ್ನತೊಡಗಿದಳು. ಅವಳ ತಾಯಿ ಕೊನೆಗೆ ತರಗತಿಯ ಶಿಕ್ಷಕಿಯನ್ನು ಕಂಡು ವಿಷಯ ಬಿಡಿಸಿ ಹೇಳಿದರು. ಅಂದಿನಿಂದ ಅವಳು ಕೈ ಎತ್ತಿದರೆ ಸಾಕೆಂದಾಯಿತು. ಓದುವ ಪಾಠವನ್ನು ಪಕ್ಕದವಳ ಜೊತೆ ಸೇರಿ ಓದಿಸಿದರು. ಹೊಟ್ಟೆನೋವೂ ನಿಂತಿತು. ಶಾಲೆ ಶುರುವಾದ ವಾರವೇ ಹೋಗಿ ಶಿಕ್ಷಕರಿಗೆ ತಿಳಿಸುವುದು ಒಳ್ಳೆಯದು.

ಯಾವಾಗ ತೋರಿಸಬೇಕು?

ಉಗ್ಗು ಶುರುವಾಗಿ ಆರು ತಿಂಗಳಾದರೂ ಕಡಿಮೆಯಾಗದಿದ್ದರೆ, ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಮಗು ಮಾತಿಗಾಗಿ ಕಣ್ಣು ಮುಚ್ಚಿ, ಕುತ್ತಿಗೆ ಬಿಗಿದು ತಿಣುಕುತ್ತಿದ್ದರೆ, ಅಥವಾ ಮಾತೇ ಬೇಡವೆಂದು ಮೂಲೆ ಸೇರಿದರೆ ತಡಮಾಡದೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ವಿಭಾಗವಿದೆ. ದೂರದವರು ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಚಿಕ್ಕ ಮಕ್ಕಳ ಚಿಕಿತ್ಸೆಯಲ್ಲಿ ತಾಯಿತಂದೆಯರದೇ ದೊಡ್ಡ ಪಾಲು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪಿಸಿದ ಲಿಡ್‌ಕಂಬ್ ಪದ್ಧತಿಯಲ್ಲಿ ಚಿಕಿತ್ಸಕರು ಹೇಳಿಕೊಟ್ಟಂತೆ ದಿನವೂ ಮನೆಯಲ್ಲೇ ಅಭ್ಯಾಸ ಮಾಡಿಸುತ್ತಾರೆ. ಸರಾಗವಾಗಿ ಬಂದ ಮಾತನ್ನು ಹಿತಮಿತವಾಗಿ ಮೆಚ್ಚುವುದು ಅದರ ಮುಖ್ಯ ಅಂಗ. ದೊಡ್ಡ ಮಕ್ಕಳಿಗೆ ಮೊದಲ ಅಕ್ಷರವನ್ನು ಮೆಲ್ಲಗೆ ಎತ್ತಿಕೊಳ್ಳುವುದು, ತಡೆದಾಗ ಬಲವಂತ ಮಾಡದೆ ಬಿಗಿ ಸಡಿಲಿಸುವುದನ್ನು ಕಲಿಸುತ್ತಾರೆ.

ಬೆಳೆದ ಮಕ್ಕಳಿಗೆ

ಪೂರ್ತಿ ಹೋಗದಿದ್ದರೂ ಬದುಕು ನಿಲ್ಲುವುದಿಲ್ಲ. ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಉಗ್ಗುತ್ತಿದ್ದರು. 1926ರಿಂದ ಲಯೊನೆಲ್ ಲೋಗ್ ಎಂಬುವರಲ್ಲಿ ಅಭ್ಯಾಸ ಮಾಡಿದ ಅವರು, 1939ರ ಸೆಪ್ಟೆಂಬರ್ 3ರಂದು ಯುದ್ಧ ಶುರುವಾದಾಗ ರೇಡಿಯೋದಲ್ಲಿ ಇಡೀ ಸಾಮ್ರಾಜ್ಯಕ್ಕೆ ಮಾತಾಡಿದರು. ಹಿಂದಿ ನಟ ಹೃತಿಕ್ ರೋಷನ್ ಕೂಡ ತಮ್ಮ ಉಗ್ಗಿನ ಬಗ್ಗೆ ಬಹಿರಂಗವಾಗಿ ಹೇಳಿಕೊಂಡವರೇ.

ಮಗಳ ಮದುವೆಯ ಮಾತು ಬಂದಾಗ ಇದನ್ನು ಮುಚ್ಚಿಡಲು ನೋಡುತ್ತೇವೆ. ಗಂಡಿನ ಕಡೆಯವರು ಏನೇ ಕೇಳಲಿ, ಅವಳ ಪರವಾಗಿ ನಾವೇ ಉತ್ತರ ಹೇಳಿಬಿಡುತ್ತೇವೆ. ಅದು ಬೇಡ. "ನಂಗೆ ಮಾತು ಸ್ವಲ್ಪ ತಡೆಯುತ್ತೆ, ತಾಳ್ಮೆಯಿಂದ ಕೇಳಿ" ಎಂದು ಅವಳೇ ಮೊದಲು ಹೇಳಿಬಿಟ್ಟರೆ ಎದೆಯ ಭಾರ ಅರ್ಧ ಇಳಿಯುತ್ತದೆ. ಅಷ್ಟು ಹೊತ್ತು ಕಾದು ಕೇಳುವವರು ಯಾರು, ಗಡಿಯಾರ ನೋಡುವವರು ಯಾರು ಎಂಬುದು ನಮಗೂ ಅಲ್ಲೇ ತಿಳಿದುಹೋಗುತ್ತದೆ, ಅಲ್ಲವೇ?