ಮೇಲೆ ಗರಗಸ, ಕೆಳಗೆ ಕಾರು

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನ ಅಡ್ಡರಸ್ತೆಗಳಲ್ಲಿ ನೆರಳಿದ್ದಲ್ಲೇ ಪಾರ್ಕಿಂಗ್. ದಯಾನಂದ ಸಾಗರ್ ಕಾಲೇಜಿನ ಆಸುಪಾಸಿನಲ್ಲಂತೂ ಬೈಕುಗಳು ಮರದ ಬುಡಕ್ಕೆ ಒತ್ತಿಕೊಂಡೇ ನಿಲ್ಲುತ್ತವೆ. ಗಾಳಿ-ಮಳೆಗೆ ಮರ ಉರುಳಿ ಕಾರು ಜಖಂಗೊಂಡರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕೊಂಬೆ ಕಡಿಯುವವರ ಕೈ ತಪ್ಪಿ ಗಾಜು ಪುಡಿಯಾದರೆ ಅದು ಬೀದಿಜಗಳದಲ್ಲೇ ಮುಗಿದುಹೋಗುತ್ತದೆ.

20 ಸೆಂ.ಮೀ. ದಪ್ಪ, 4 ಮೀಟರ್ ಉದ್ದದ ಹಸಿ ಕೊಂಬೆ ನೂರು ಕೆ.ಜಿ. ಆಸುಪಾಸು ತೂಗುತ್ತದೆ. ಎಲೆ, ಮಳೆನೀರಿನ ಭಾರ ಬೇರೆ. ಅದನ್ನು ಮೇಲಿನಿಂದ ಒಂದೇ ಸಮ ಕೊಯ್ದರೆ ಪೂರ್ತಿ ತುಂಡಾಗುವ ಮೊದಲೇ ಜೋತುಬಿದ್ದು, ತೊಗಟೆ ಸೀಳಿಕೊಂಡು ಎತ್ತಲೋ ಬೀಳುತ್ತದೆ. ಕಸುಬು ಬಲ್ಲವರು ಮೊದಲು ಕೊಂಬೆಯ ಅಡಿಗೆ ಕಚ್ಚು ಹಾಕುತ್ತಾರೆ. ಆಮೇಲೆ ತುಸು ಆಚೆ ಮೇಲಿನಿಂದ ಕೊಯ್ಯುತ್ತಾರೆ. ಉಳಿದ ಮೋಟು ಕೊನೆಗೆ. ಕೊಯ್ಯಲು ತೊಡಗುವ ಮುಂಚೆಯೇ ಕೊಂಬೆಗೆ ಹಗ್ಗ ಬಿಗಿದು, ಮೇಲಿನ ಗಟ್ಟಿ ಕವಲಿಗೆ ಸುತ್ತಿ, ಕೆಳಗಿದ್ದವರು ನಿಧಾನವಾಗಿ ಸಡಿಲಿಸುತ್ತಾ ಇಳಿಸಬೇಕು. ನಮ್ಮ ಬೀದಿಗಳಲ್ಲೂ ಹಗ್ಗ ಕಾಣುತ್ತದೆ, ಹೆಚ್ಚಿನ ಸಲ ಎಳೆದು ಕೆಡವಲು! ಎಳೆದ ಕೊಂಬೆ ಇಂಟರ್‌ನೆಟ್ ಕೇಬಲ್ಲಿಗೆ ಸಿಕ್ಕಿ ತಿರುಗಿತೋ, ಪಕ್ಕದ ಮನೆಯ ಕಾರಿನ ಬಾನೆಟ್ಟೇ ಗತಿ.

ಹಾಗಂತ ಕಡಿಯದೇ ಬಿಡುವಂತೆಯೂ ಇಲ್ಲ. 2025ರ ಜೂನ್‌ನಲ್ಲಿ ಬನಶಂಕರಿಯ ಶ್ರೀನಿವಾಸನಗರದಲ್ಲಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ 29ರ ಯುವಕನ ಮೇಲೆ ಕೊಂಬೆ ಮುರಿದುಬಿತ್ತು. ಕೆಲವೇ ದಿನಗಳಲ್ಲಿ ಆತ ಆಸ್ಪತ್ರೆಯಲ್ಲಿ ತೀರಿಕೊಂಡ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ್ ಗೋಪಾಲರಾವ್ ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ನೆಟ್ಟ ಸಸಿಗಳು ಸುಮಾರು 15 ಲಕ್ಷ. ಅವುಗಳಲ್ಲಿ ಉಳಿದವಕ್ಕೆ ಈಗ ನಲವತ್ತರ ವಯಸ್ಸು. ಬುಡಕ್ಕೆ ಕಾಂಕ್ರೀಟು, ಚರಂಡಿ ಅಗೆತಕ್ಕೆ ಬೇರಿನ ಬಲಿ, ಕರೆಂಟ್ ತಂತಿಯ ಬದಿಗೆ ಮಾತ್ರ ಕತ್ತರಿ. ಒಂದು ಮಗ್ಗುಲು ಬೋಳಾದ ಮರ ಇನ್ನೊಂದು ಮಗ್ಗುಲಿಗೆ ವಾಲದೆ ಇನ್ನೇನು ಮಾಡೀತು?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಕಾಂಪೌಂಡಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಸಿಕ್ಕ ಮೇಲೆ, ಹಿಂದಿನ ದಿನವೇ ರಸ್ತೆಯ ಮನೆಗಳಿಗೆ ತಿಳಿಸಿ ವಾಹನ ತೆಗೆಸುವಷ್ಟು ಸೌಜನ್ಯ ಕಡಿಸುವವರಿಗೆ ಇರಲೇಬೇಕು.

ವಾಹನ ಮಾಲೀಕರು ಗಮನಿಸಬೇಕಾದ್ದು ಇಷ್ಟು: ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ಕೊಂಬೆ ಬಿದ್ದ ನಷ್ಟಕ್ಕೆ ನಿಮ್ಮ ವಿಮಾ ಕಂಪನಿಯಿಂದ ನಯಾಪೈಸೆ ಬರುವುದಿಲ್ಲ, ಸ್ವಂತ ಹಾನಿಯ ರಕ್ಷಣೆ ಇರುವ ಪಾಲಿಸಿಯೇ ಬೇಕು. ಕ್ಲೇಮ್ ಮಾಡಿದರೆ ಶೇ 20ರಿಂದ 50ರವರೆಗಿನ ನೋ ಕ್ಲೇಮ್ ಬೋನಸ್ ಕೈತಪ್ಪಬಹುದು, ಹಾಗಾಗಿ ಸಣ್ಣ ಗೀರಿಗೆ ಕ್ಲೇಮ್ ಲಾಭದಾಯಕವಲ್ಲ. ದೊಡ್ಡ ಜಖಂ ಆದರೆ ಕೊಂಬೆ ಎತ್ತಿಸುವ ಮೊದಲು ಫೋಟೊ ತೆಗೆದುಕೊಳ್ಳಿ.