ಒತ್ತಿದರೆ ನಿಂತುಹೋಗುವ ಚೈನ್‌ಸಾ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದರೆ ನನ್ನ ಬೆಂಚಿಗೆ ಸಣ್ಣ ಚೈನ್‌ಸಾಗಳು ಬರುತ್ತವೆ. ‘ಸ್ಟಾರ್ಟ್ ಆಗುತ್ತೆ ಅಣ್ಣ, ಎಕ್ಸಲರೇಟರ್ ಒತ್ತಿದ್ರೆ ಆಫ್!’

ಎಲ್ಲರಿಗೂ ಕಾರ್ಬುರೇಟರ್ ಮೇಲೆಯೇ ಅನುಮಾನ. ನಾನು ಮೊದಲು ಏರ್ ಫಿಲ್ಟರ್ ನೋಡುತ್ತೇನೆ. ಮರದ ಹುಡಿ ಮೆತ್ತಿದ್ದರೆ ಗಾಳಿ ಸಾಲದು. ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್, ಬಿರುಕುಬಿಟ್ಟ ಪೆಟ್ರೋಲ್ ಪೈಪು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ತಿಂಗಳುಗಟ್ಟಲೆ ಉಳಿದರೆ ನೀರು ಹೀರುತ್ತದೆ, ಕಾರ್ಬುರೇಟರಿನ ತೆಳು ಡಯಾಫ್ರಾಮ್ ಗಡುಸಾಗುತ್ತದೆ. ಹೊಸ ಪೆಟ್ರೋಲಿಗೆ ಲೀಟರಿಗೆ 20 ಎಂ.ಎಲ್. ಟು-ಸ್ಟ್ರೋಕ್ ಆಯಿಲ್ ಬೆರೆಸಿ (ಕಂಪನಿಯ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದೇ ಸರಿ).

ಇಷ್ಟಾದರೂ ತಡವರಿಸಿದರೆ ಮಾತ್ರ, ಎಂಜಿನ್ ಬಿಸಿಯಾದ ಮೇಲೆ, ಕಾರ್ಬುರೇಟರಿನ ‘ಎಲ್’ (ಕಡಿಮೆ ವೇಗದ) ಸ್ಕ್ರೂವನ್ನು ಎಡಕ್ಕೆ 1/8 ಸುತ್ತು ತಿರುಗಿಸಿ. ‘ಎಚ್’ (ಹೆಚ್ಚು ವೇಗದ) ಸ್ಕ್ರೂ ಮುಟ್ಟಬೇಡಿ. ಅಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಹೋಗುತ್ತದೆ. ಐಡಲಿಂಗ್‌ನಲ್ಲೇ ಚೈನು ತಿರುಗುತ್ತಿದ್ದರೆ ದಯವಿಟ್ಟು ಮರ ಹತ್ತಬೇಡಿ.